ಏನೂ ಆಗಿಲ್ಲ

ಆರ್ಲಿನ್ ವೀಬ್ ಎಂಬ ಮುದುಕನ ಕಿವಿಯ ನಕ್ಷೆ
ತೆಗೆದವಳು ನಾನೇ.
ನಾಲ್ಕು ಸಾವಿರ ಹರ್ಟ್ಸ್ ಹತ್ತಿರ ಗೆರೆ
ಮೆಟ್ಟಿಲು ತಪ್ಪಿದವನಂತೆ ಧಡಕ್ಕನೆ ಬಿದ್ದು
ಮತ್ತೆ ಏಳಲೇ ಇಲ್ಲ.
ಎಲ್ಲಿ ಕಳೆದುಕೊಂಡಿರಿ, ಚೀಟಿ ಬರೆದು ಕೇಳಿದೆ.
ಬಾ ತೋರಿಸುತ್ತೇನೆ, ಎಂದ.

ಕಾನ್ಸಾಸಿನ ನ್ಯೂಟನ್ ಊರಾಚೆ
ಗೋಧಿ ಕೊಯ್ದ ಬಯಲಿನಂಚಿಗೆ ತಗಡಿನ ಶೆಡ್ಡು,
ಒಳಗೆ ಟಾರ್ಪಾಲಿನಡಿ
ಮೂರು ಟನ್ನಿನ ಮೌನ.
ಮೊರದಗಲ ಬಾಯಿಯ ಆರು ಕಹಳೆ,
ಬೆನ್ನಿಗೆ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್,
ಅದರ ಹಿಂದೊಂದು ಸೀಟು,
ಕೂತು ಕೂತು ಸವೆದ ತಗಡು.
ಇಲ್ಲೇ, ಎಂದ.

ಹತ್ತೊಂಬತ್ತರ ಪ್ರಾಯದಲ್ಲಿ ಸಿಕ್ಕ ಕೆಲಸ:
ಸೋಮವಾರ ಮಧ್ಯಾಹ್ನ ಈ ಕೆಂಪು ಭೂತದ ಬೆನ್ನೇರಿ
ಬಾಂಬು ಇವತ್ತೂ ಬಂದಿಲ್ಲವೆಂದು
ಊರಿಗೆಲ್ಲ ಡಂಗುರ.
ಕಿವಿಗೆ ಹತ್ತಿ, ಹತ್ತಿಗೆ ವ್ಯಾಸಲೀನ್, ಅಷ್ಟೇ.
ಬಂದೂಕು ಮುಟ್ಟದ ಮೆನೊನೈಟ್ ಮನೆತನ;
ಇದನ್ನು ಮುಟ್ಟಬಹುದೆ ಎಂದು
ಚರ್ಚಿನಲ್ಲಿ ಎರಡು ಭಾನುವಾರ ಚರ್ಚೆಯಾಗಿ
ಮೂರನೆಯ ಭಾನುವಾರ ತೀರ್ಮಾನ:
ಕೂಗುವುದು ಹೊಡೆಯುವುದಲ್ಲ.

ನನ್ನ ದಾವಣಗೆರೆಯಲ್ಲಿ
ಗಡಿಯಾರಕ್ಕಿಂತ ಮೊದಲು ಭೋಂಗಾ.
ಹತ್ತಿ ಗಿರಣಿ ಕೂಗಿದರೆ ಅಜ್ಜಿ ಎಸರಿಗಿಡುವಳು,
ಇನ್ನೊಮ್ಮೆ ಕೂಗಿದರೆ ಇಳಿಸುವಳು.
ಗಿರಣಿ ಮುಚ್ಚಿದ ವಾರ ಅನ್ನ ಎರಡು ಸಲ ಸೀದಿತು.
ಇದನ್ನೂ ಚೀಟಿ ಬರೆದು ಕೊಟ್ಟೆ.
ಓದಿ, ಮಡಿಸಿ, ಜೇಬಿಗಿಟ್ಟುಕೊಂಡ.

ಎರಡು ಚಳಿಗಾಲ ಹಿಡಿಯಿತು.
ಒಂದು ಕಹಳೆಯಲ್ಲಿ ಕಣಜದ ಗೂಡು,
ಇನ್ನೊಂದರಲ್ಲಿ ಇಲಿಯ ಸಂಸಾರ,
ಮತ್ತೊಂದರಲ್ಲಿ ಯಾವ ಕಾಲದ ಹುಡುಗರೋ
ಬಚ್ಚಿಟ್ಟು ಮರೆತ ಸಿಗರೇಟು ಪ್ಯಾಕು.
ಪಿಸ್ಟನ್ನುಗಳು ತುಕ್ಕು ಕಚ್ಚಿ ಹಟ ಹಿಡಿದಿದ್ದವು.
ಬೈದ. ಬಡಿದ. ಬಿಡಲಿಲ್ಲ.
ತಿಂಗಳು ಸೀಮೆಎಣ್ಣೆಯಲ್ಲಿ ನೆನೆದ ಮೇಲೆ
ಒಂದು ರಾತ್ರಿ ತಾವಾಗಿಯೇ ಟಕ್ ಎಂದವಂತೆ,
ಮೊಮ್ಮಗಳು ಟ್ರೂಡಿಗೆ ಕೇಳಿಸಿತು.
ಕಾರ್ಬುರೇಟರಿನ ಫ್ಲೋಟು ಒಹಾಯೋದ ಗುಜರಿಯಿಂದ ಬಂತು.
ಎಲ್ಲೂ ಸಿಗದ ಕಂಚಿನ ಬುಷ್
ಅವಳೇ ಲೇತಿಗೆ ಹಾಕಿ ತಿರುವಿದಳು.

ನಗರಸಭೆ ಮೂವತ್ತು ಸೆಕೆಂಡು ಮಂಜೂರು ಮಾಡಿತು.
ಟರ್ಕಿಕೋಳಿ ಸಾಕಿದ ಮಿಸೆಸ್ ಯಾಂಟ್ಸೆನ್
ಲಿಖಿತ ತಕರಾರು ಕೊಟ್ಟಳು:
ಬೆದರಿ ಒಂದರ ಮೇಲೊಂದು ಬಿದ್ದು ಸತ್ತರೆ ಯಾರು ಹೊಣೆ?
ಆರ್ಲಿನ್ ಕಹಳೆಗಳ ಮೋರೆಯನ್ನು
ಬಯಲಿನ ಕಡೆ ತಿರುಗಿಸಿ ಬೋಲ್ಟು ಬಿಗಿದ.

ಶನಿವಾರ. ನೆರೆದ ನಲವತ್ತು ಜನಕ್ಕೂ
ಕಿವಿಗವಚ ಹಂಚಿದೆ. ಅವನು ಬೇಡವೆಂದ.
ಕದಿಯಲು ಇನ್ನೇನು ಉಳಿದಿದೆ?
ನಾನು ಓದಿದ್ದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಸ್ಟಾರ್ಟರ್ ಕೆಮ್ಮಿತು, ಕರಿ ಹೊಗೆ,
ಎಂಟರಲ್ಲಿ ಏಳು ಹತ್ತಿಕೊಂಡವು,
ಎಂಟನೆಯದು ಮುನಿಸಿಕೊಂಡು, ಆಮೇಲೆ ಅದೂ.
ಟ್ರೂಡಿ ಕ್ಲಚ್ ಹಾಕಿದಳು.

ಮೊದಲು ಅದು ದನಿಯಲ್ಲ,
ನೆಲ.
ಅಂಗಾಲಿಂದ ಹತ್ತಿ, ಮೊಣಕಾಲಲ್ಲಿ ತಂಗಿ,
ಎದೆಗೂಡೊಳಗೆ ನುಗ್ಗಿ ಕದ ಹಾಕಿಕೊಂಡಿತು.
ಎದುರಿನ ಕೂಳೆಯ ಮೇಲೆ ಧೂಳು
ಆರು ಸಾಲಾಗಿ ಎದ್ದು ಓಡಿತು.
ಆಮೇಲೆ ಬಂತು ಕೂಗು,
ಬಂದದ್ದೇ ಬಂತು,
ಯಾಕೆ ಎಂದು ಕೇಳಲು ಯಾರ ಬಾಯಲ್ಲೂ ಜಾಗ ಬಿಡದೆ.

ಹನ್ನೊಂದನೆಯ ಸೆಕೆಂಡಿಗೆ ಆರ್ಲಿನ್ ಕೈಯೆತ್ತಿದ,
ನಿಲ್ಲಿಸು.
ಇನ್ನೊಂದು ಕೈ ಯಂತ್ರದ ಮೇಲೆ,
ಪಂಡಿತ ನಾಡಿ ಹಿಡಿದ ಹಾಗೆ.
ಎಡಗಡೆ ಬುಷ್ ಒಣಗಿದೆ, ಎಂದ. ಗ್ರೀಸು ತಾ.
ಕಿವಿ ನೆಟ್ಟಗಿದ್ದ ನಮಗಾರಿಗೂ ಅದು ಕೇಳಿಸಿರಲಿಲ್ಲ.
ಬಿಚ್ಚಿ ನೋಡಿದರೆ ಕಂಚು ಕಪ್ಪಿಟ್ಟಿತ್ತು.
ಉಳಿದ ಹತ್ತೊಂಬತ್ತು ಸೆಕೆಂಡು ಮುಂದಿನ ಶನಿವಾರಕ್ಕೆ.

ಟರ್ಕಿಕೋಳಿಗಳು ಒಮ್ಮೆ ತಲೆಯೆತ್ತಿ
ಮತ್ತೆ ಕಾಳಿಗೆ ಬಗ್ಗಿದ್ದವು.
ಟ್ರೂಡಿಯ ಫೋನ್ ಬಡಕೊಳ್ಳತೊಡಗಿತು:
ಮೂರು ಮೈಲಿ ಆಚೆ ಯಾರೋ ಮುದುಕಿ,
ನೆಲಮಾಳಿಗೆಗಿಳಿದು, ಬೆಕ್ಕನ್ನು ಅವುಚಿಕೊಂಡು,
ಏನಾಯಿತು, ಏನಾಯಿತು?
ಟ್ರೂಡಿ ಅದನ್ನು ತುಟಿಯಲ್ಲಾಡಿ ಅಜ್ಜನಿಗೆ ದಾಟಿಸಿದಳು.
ಗ್ರೀಸಿನ ಕೈ ಒರೆಸಿಕೊಳ್ಳುತ್ತ ಅವನು
ತನಗೇ ಕೇಳದಷ್ಟು ಜೋರಾಗಿ:

ಏನೂ ಆಗಿಲ್ಲ ಅನ್ನು.
ಇವತ್ತೂ ಏನೂ ಆಗಿಲ್ಲ.